ಫೈಲಿನಲ್ಲಿ 0.8, ಚೀಟಿಯಲ್ಲಿ 1.2: ಬ್ಯಾಡಗಿಯ ತೂಕದ ಯಂತ್ರಗಳಲ್ಲಿ ಉಳಿದುಹೋದ ಹಳೇ ಬೈಟ್‌ಕೋಡ್

ಮೂರು ಟೆಂಡರ್ ದಿನ, ನಾಲ್ಕು ತೂಕದ ಯಂತ್ರ. ಪ್ರತಿ ಚೀಲಕ್ಕೆ 400 ಗ್ರಾಂ ಮೆಣಸಿನಕಾಯಿಯ ದುಡ್ಡು ರೈತರ ಕೈಗೆ ಕಡಿಮೆ ಬಂತು. ಪ್ರೋಗ್ರಾಮಿನ ಫೈಲು ತೆರೆದು ನೋಡಿದರೆ ಲೆಕ್ಕ ಸರಿಯಾಗಿಯೇ ಇತ್ತು. ಅಪ್‌ಡೇಟ್ ಕಳಿಸಿದ ಹುಬ್ಬಳ್ಳಿಯ ತಂಡದಲ್ಲಿ ನಾನೂ ಒಬ್ಬ. ಬೇರೆಯವರು ಇದೇ ಹಳ್ಳಕ್ಕೆ ಬೀಳಬಾರದು ಅಂತ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ. ಅಂಗಡಿಗಳ, ಜನರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಾಂತ್ರಿಕ ವಿಷಯದಲ್ಲಿ ಮಾತ್ರ ಏನೂ ಬದಲಿಸಿಲ್ಲ.

ಯಂತ್ರ ಮತ್ತು ಪೇಟೆ

ಹಂಗಾಮಿನಲ್ಲಿ ಬ್ಯಾಡಗಿ ಪೇಟೆ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಡಬ್ಬಿ, ಕಡ್ಡಿ, ಗುಂಟೂರು ತಳಿಗಳ ಚೀಲಗಳು ಬೀದಿಯುದ್ದಕ್ಕೂ ಗುಡ್ಡೆ ಬಿದ್ದಿರುತ್ತವೆ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ರೈತರು ಲಾರಿ ಮಾಡಿಕೊಂಡು ಬರುತ್ತಾರೆ. ಸೋಮವಾರ ಮತ್ತು ಗುರುವಾರ ಟೆಂಡರ್. ದರ ಗೊತ್ತಾದ ಮೇಲೆ ಹಮಾಲರು ಚೀಲಗಳನ್ನು ಒಂದೊಂದಾಗಿ ತೂಕಕ್ಕೆ ಇಡುತ್ತಾರೆ. ಗುಮಾಸ್ತರು ಬರೆದುಕೊಳ್ಳುತ್ತಾರೆ. ಒಟ್ಟು ತೂಕದಲ್ಲಿ ಖಾಲಿ ಚೀಲದ ತೂಕ ಮುರಿದು ಉಳಿದದ್ದಕ್ಕೆ ದುಡ್ಡು.

ಕೆಲವು ದಲಾಲಿ ಅಂಗಡಿಗಳಿಗೆ ನಾವು ಒಂದು ಸಣ್ಣ ವ್ಯವಸ್ಥೆ ಮಾಡಿಕೊಟ್ಟಿದ್ದೆವು. ತೂಕದ ಕಟ್ಟೆಯ ಪಕ್ಕ ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಒಂದು ಚಿಕ್ಕ ಪರದೆ, ಒಂದು ಚೀಟಿ ಪ್ರಿಂಟರ್. ಕಟ್ಟೆಯಿಂದ ಬರುವ ತೂಕವನ್ನು ಪೈಥಾನ್ ಪ್ರೋಗ್ರಾಮ್ ಓದುತ್ತದೆ, ಚೀಲದ ತೂಕ ಕಳೆಯುತ್ತದೆ, ಚೀಟಿ ಮುದ್ರಿಸುತ್ತದೆ. ಇಂಥ ಆರು ಯಂತ್ರಗಳಿದ್ದವು.

ಮಾರ್ಕೆಟ್ ಬೀದಿಯಲ್ಲಿ ಕರೆಂಟ್ ಹೋಗಿ ಬರುವುದು ಮಾಮೂಲು. ಕರೆಂಟ್ ಬಂದ ತಕ್ಷಣ ಯಂತ್ರ ಬೇಗ ಶುರುವಾಗಬೇಕು, ಇಲ್ಲದಿದ್ದರೆ ಹಮಾಲರು ಚೀಲ ಹೊತ್ತು ಕಾಯಬೇಕಾಗುತ್ತದೆ. ಜೊತೆಗೆ, ಕೋಡ್ ಇರುವ ಫೋಲ್ಡರಿಗೆ ಯಾರೂ ಸುಮ್ನೆ ಕೈ ಹಾಕಬಾರದು ಅಂತ ಅದನ್ನು ಓದಲು ಮಾತ್ರ ಬಿಟ್ಟು, ಬರೆಯಲು ಬೀಗ ಹಾಕಿದ್ದೆವು. ಈ ಎರಡು ಕಾರಣಕ್ಕೆ ಬೈಟ್‌ಕೋಡ್ ಮೊದಲೇ ತಯಾರಿರಲಿ ಅಂತ ತೀರ್ಮಾನಿಸಿದೆವು.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಪೈಥಾನ್ ಇಂಟರ್ಪ್ರಿಟರ್, ಅಂದರೆ ಪೈಥಾನ್ ಭಾಷೆಯ ಪ್ರೋಗ್ರಾಮುಗಳನ್ನು ನಡೆಸುವ ತಂತ್ರಾಂಶ, ನಾವು ಬರೆದ ಅಕ್ಷರಗಳನ್ನು (ಇದಕ್ಕೇ ಸೋರ್ಸ್ ಅನ್ನುವುದು) ನೇರವಾಗಿ ನಡೆಸುವುದಿಲ್ಲ. ಮೊದಲು ಅವನ್ನು ಬೈಟ್‌ಕೋಡ್ ಎಂಬ ಸಣ್ಣ ಸಣ್ಣ ಆಜ್ಞೆಗಳಿಗೆ ಇಳಿಸುತ್ತದೆ. ಆಮೇಲೆ ಆ ಆಜ್ಞೆಗಳನ್ನು ಒಂದೊಂದಾಗಿ ನಡೆಸುತ್ತದೆ. ಪ್ರತಿ ಸಲ ಇಳಿಸುವುದು ದಂಡ ಅಂತ, ಒಮ್ಮೆ ಇಳಿಸಿದ್ದನ್ನು ಪಿವೈಸಿ ಫೈಲಾಗಿ ಎತ್ತಿಡುತ್ತದೆ. 2011ರಲ್ಲಿ ಬಂದ ಪೈಥಾನ್ 3.2ರಿಂದ ಈಚೆಗೆ ಇವು ಪೈಕ್ಯಾಶ್ ಎಂಬ ಒಳಫೋಲ್ಡರಿನಲ್ಲಿ ಕೂರುತ್ತವೆ. ಫೈಲಿನ ಹೆಸರಿನಲ್ಲೇ ಪೈಥಾನಿನ ಆವೃತ್ತಿ ಇರುತ್ತದೆ. 3.9ರದ್ದಾದರೆ ಸಿಪೈಥಾನ್-39, 3.11ರದ್ದಾದರೆ ಸಿಪೈಥಾನ್-311.

ನಮ್ಮ ಪೈಥಾನಿಗೆ ಆ ಫೋಲ್ಡರಿನಲ್ಲಿ ಬರೆಯಲು ಅನುಮತಿ ಇರಲಿಲ್ಲ, ಅಲ್ವಾ? ಅದಕ್ಕೆ ಅಪ್‌ಡೇಟ್ ಹಾಕುವಾಗಲೇ ಅಡ್ಮಿನ್ ಆಗಿ ಟರ್ಮಿನಲ್ಲಿನಲ್ಲಿ ಕಂಪೈಲ್‌ಆಲ್ ನಡೆಸುತ್ತಿದ್ದೆವು. ಅದು ಪೈಥಾನಿನ ಜೊತೆಗೇ ಬರುವ ಕಮಾಂಡ್ ಲೈನ್ ಸಾಧನ. ಒಂದು ಫೋಲ್ಡರ್ ತೋರಿಸಿದರೆ ಒಳಗಿರುವ ಎಲ್ಲ ಪೈಥಾನ್ ಫೈಲುಗಳನ್ನೂ ಬೈಟ್‌ಕೋಡಿಗೆ ಇಳಿಸಿಡುತ್ತದೆ. ಒಂದೇ ಸಾಲಿನ ಕೆಲಸ. ಒಂದೂವರೆ ವರ್ಷ ಯಾವ ತಕರಾರೂ ಇರಲಿಲ್ಲ.

ಒಂದೇ ಅಂಕಿಯ ಬದಲಾವಣೆ

ಆ ಹಂಗಾಮಿನಲ್ಲಿ ಚೀಲ ಬದಲಾಯಿತು. ಹೊಸ ಚೀಲ ಹಗುರ. ಮೊದಲು 1.2 ಕಿಲೋ ಮುರಿಯುತ್ತಿದ್ದವರು ಇನ್ನು 0.8 ಮುರಿಯುವುದು ಅಂತ ಅಂಗಡಿಯವರು ಒಪ್ಪಿಕೊಂಡರು, ರೈತರಿಗೂ ಹೇಳಿದರು. ನಮಗೆ ಫೋನ್ ಬಂತು. ಚೀಲದ ತೂಕ ಬರೆದಿದ್ದ ಫೈಲು ತುಂಬಾ ಚಿಕ್ಕದು. ಮೊದಲ ದಿನ ಬರೆದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅದರಲ್ಲಿ 1.2 ಇದ್ದಲ್ಲಿ 0.8 ಬರೆದೆವು. ಭಾನುವಾರ ಪ್ಯಾಕೇಜ್ ಕಟ್ಟಿ ಆರೂ ಯಂತ್ರಗಳಿಗೆ ಹಾಕಿದೆವು.

ಸೋಮವಾರ ಟೆಂಡರ್ ಮುಗಿದು ತೂಕ ನಡೆದಿತ್ತು. ಒಬ್ಬ ಹಿರಿಯ ರೈತರು ಚೀಟಿ ಹಿಡಿದು ಗುಮಾಸ್ತರ ಮುಂದೆ ನಿಂತರು. "ಏನ್ರಿ, ಚೀಲಕ್ಕ ಎಂಟ್ನೂರು ಗ್ರಾಂ ಅಂತ ಹೇಳಿದ್ರಿ. ಇದರಾಗ ಒಂದ್ ಕಿಲೋ ಇನ್ನೂರು ಮುರದೈತಲ್ರಿ?" ಅಂದರು. ಗುಮಾಸ್ತರು ಲೆಕ್ಕ ಹಾಕಿ ನೋಡಿದರು. ಒಟ್ಟು 42.0, ನಿವ್ವಳ 40.8. ಅವರು ಹೇಳಿದ್ದು ಸರಿ.

ಸಂಜೆ ಗುಮಾಸ್ತರ ಫೋನ್ ಬಂತು. "ಸರ್, ಬದ್ಲಿ ಮಾಡೇವಿ ಅಂದ್ರಿ. ಇದು ಹಳೇ ಲೆಕ್ಕಾನ ಹಿಡ್ಕೊಂಡು ಕುಂತೈತ್ರಿ."

ನಾನು ಹುಬ್ಬಳ್ಳಿಯಲ್ಲೇ ಕೂತು ಆ ಯಂತ್ರಕ್ಕೆ ಲಾಗಿನ್ ಆದೆ. ಫೈಲು ತೆರೆದೆ. 0.8 ಇತ್ತು. "ಇಲ್ಲಿ ಸರಿ ಇದೆ, ಒಮ್ಮೆ ಆಫ್ ಮಾಡಿ ಆನ್ ಮಾಡಿ" ಅಂದೆ.

ಈ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ಯೋಚಿಸುವುದು ಆ ಒಂದು ಮಾತನ್ನು. ಒಂದು ಕಡೆ ರೈತರ ಕೈಯಲ್ಲಿ ಚೀಟಿ. ಇನ್ನೊಂದು ಕಡೆ ನನ್ನ ಪರದೆಯಲ್ಲಿ ಫೈಲು. ಎರಡೂ ಬೇರೆ ಬೇರೆ ಹೇಳುತ್ತಿದ್ದವು. ನಾನು ಫೈಲನ್ನು ನಂಬಿದೆ. ಆದರೆ ದುಡ್ಡು ಎಣಿಸುವುದು ಚೀಟಿ ನೋಡಿ. ಆವತ್ತೇ "ನಿವ್ವಳ ತೂಕ ಕೈಯಲ್ಲಿ ಬರೆಯಿರಿ, ಯಂತ್ರದ ಒಟ್ಟು ತೂಕ ಮಾತ್ರ ನೋಡಿ" ಅಂದಿದ್ದರೆ ಇನ್ನೆರಡು ಟೆಂಡರ್ ದಿನದ ನಷ್ಟ ಆಗುತ್ತಲೇ ಇರಲಿಲ್ಲ.

ತಪ್ಪು ದಾರಿಗಳು

ಗುರುವಾರವೂ ಅದೇ. ಆರರಲ್ಲಿ ನಾಲ್ಕು ಯಂತ್ರ 1.2 ಮುರಿಯುತ್ತಿದ್ದವು, ಎರಡು ಸರಿಯಾಗಿ 0.8 ಮುರಿಯುತ್ತಿದ್ದವು. ಆವತ್ತು ರಾತ್ರಿ ಮೂವರು ಕೂತೆವು.

ಮೊದಲ ಅನುಮಾನ, ಅಪ್‌ಡೇಟ್ ಪೂರ್ತಿ ತಲುಪಿಲ್ಲ ಅನ್ನುವುದು. ಆರೂ ಯಂತ್ರಗಳ ಫೈಲುಗಳ ಚೆಕ್‌ಸಮ್ (ಒಳಗಿನದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ತೆಗೆದು ಹೋಲಿಸಿದೆವು. ಎಲ್ಲ ಒಂದೇ.

ಎರಡನೆಯದು, ಪ್ರೋಗ್ರಾಮ್ ಬೇರೆ ಯಾವುದೋ ಫೋಲ್ಡರಿನಿಂದ ನಡೆಯುತ್ತಿರಬಹುದು ಅನ್ನುವುದು. ಅದಕ್ಕೆ ಮುಖ್ಯ ಫೈಲಿನ ಮೊದಲ ಸಾಲಿಗೆ ಒಂದು ಪ್ರಿಂಟ್ ಸೇರಿಸಿ ಮತ್ತೆ ಶುರು ಮಾಡಿದೆವು. ಆ ಸಾಲು ಲಾಗ್‌ನಲ್ಲಿ ಕಾಣಿಸಿತು. ಅಂದಮೇಲೆ ನಡೆಯುತ್ತಿರುವುದು ಇದೇ ಫೋಲ್ಡರ್, ಇದೇ ಹೊಸ ಕೋಡ್ ಅಂತ ನಿರ್ಧಾರಕ್ಕೆ ಬಂದೆವು. ಆ ನಿರ್ಧಾರ ಅರ್ಧ ಮಾತ್ರ ಸರಿ. ನೇರವಾಗಿ ನಡೆಸುವ ಮುಖ್ಯ ಫೈಲಿನ ಬೈಟ್‌ಕೋಡನ್ನು ಪೈಥಾನ್ ಎತ್ತಿಡುವುದೂ ಇಲ್ಲ, ಹುಡುಕುವುದೂ ಇಲ್ಲ. ಅದನ್ನು ಪ್ರತಿ ಸಲ ಹೊಸದಾಗಿಯೇ ಓದುತ್ತದೆ. ಎತ್ತಿಟ್ಟದ್ದನ್ನು ಬಳಸುವುದು ಮುಖ್ಯ ಫೈಲು ತನ್ನ ಕೆಲಸಕ್ಕೆ ಕರೆಸಿಕೊಳ್ಳುವ, ಅಂದರೆ ಇಂಪೋರ್ಟ್ ಮಾಡಿಕೊಳ್ಳುವ ಫೈಲುಗಳಿಗೆ (ಇವೇ ಮಾಡ್ಯೂಲುಗಳು) ಮಾತ್ರ. ಚೀಲದ ತೂಕ ಇದ್ದದ್ದು ಅಂಥ ಫೈಲಿನಲ್ಲಿ. ಪ್ರಿಂಟ್ ಹಾಕಬೇಕಾದ್ದು ಅಲ್ಲಿ. ನಾವು ಹಾಕಿದ್ದು ಇನ್ನೊಂದು ಕಡೆ.

ಮೂರನೆಯ ಪರೀಕ್ಷೆ ನಮ್ಮನ್ನು ಇನ್ನೂ ದೂರ ಕರೆದುಕೊಂಡು ಹೋಯಿತು. ನಡೆಯುತ್ತಿರುವ ಮಾಡ್ಯೂಲಿನ ಸೋರ್ಸ್ ತೋರಿಸು ಅಂತ ಪೈಥಾನಿನ ಇನ್ಸ್‌ಪೆಕ್ಟ್ ಸೌಲಭ್ಯವನ್ನೇ ಕೇಳಿದೆವು. ಅದು 0.8 ತೋರಿಸಿತು! ಆಮೇಲೆ ಗೊತ್ತಾದದ್ದು ಏನೆಂದರೆ, ಬೈಟ್‌ಕೋಡಿನೊಳಗೆ ಸೋರ್ಸಿನ ಅಕ್ಷರಗಳು ಇರುವುದೇ ಇಲ್ಲ. ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆ ಇರುತ್ತವೆ ಅಷ್ಟೇ. ಸೋರ್ಸ್ ಕೇಳಿದರೆ ಪೈಥಾನ್ ಆ ಹೆಸರಿನ ಫೈಲು ತೆರೆದು ಈಗ ಅಲ್ಲಿ ಏನಿದೆಯೋ ಅದನ್ನು ತೋರಿಸುತ್ತದೆ. ಎರರ್ ಬಂದಾಗ ಟ್ರೇಸ್‌ಬ್ಯಾಕಿನಲ್ಲಿ ಕಾಣುವ ಸಾಲುಗಳೂ ಹೀಗೆಯೇ ಬರುತ್ತವೆ. ಅಂದರೆ ನಾವು ಇಷ್ಟು ಹೊತ್ತು ಬೇರೆ ಬೇರೆ ಕಿಟಕಿಯಿಂದ ನೋಡಿದ್ದು ಅದೇ ಒಂದು ಫೈಲನ್ನು.

ಆ ಹೊತ್ತಿಗೇ ಒಬ್ಬ ಗೆಳೆಯರಿಗೆ ಬೈಟ್‌ಕೋಡಿನ ಮೇಲೆ ಅನುಮಾನ ಬಂದಿತ್ತು. ಅವರು ಇಂಟರ್ಪ್ರಿಟರಿಗೆ ದೊಡ್ಡ ಅಕ್ಷರದ ಬಿ ಆಯ್ಕೆ ಕೊಟ್ಟು ನಡೆಸಿದರು. ಫಲ ಬದಲಾಗಲಿಲ್ಲ. ಹಾಗಾಗಿ ಆ ಅನುಮಾನವನ್ನು ಕೈಬಿಟ್ಟೆವು. ಆದರೆ ಆ ಆಯ್ಕೆ ಹೇಳುವುದು "ಹೊಸ ಪಿವೈಸಿ ಬರೆಯಬೇಡ" ಅಂತ ಮಾತ್ರ. ಇರುವ ಪಿವೈಸಿಯನ್ನು ಓದುವುದನ್ನು ಅದು ತಡೆಯುವುದಿಲ್ಲ. ಸರಿಯಾದ ಅನುಮಾನ, ತಪ್ಪು ಪರೀಕ್ಷೆ. ಆ ರಾತ್ರಿ ಬಾಗಿಲಿನ ತನಕ ಹೋಗಿ ವಾಪಸ್ ಬಂದೆವು.

ಶುಕ್ರವಾರ ಒಂದು ವಿಚಿತ್ರ ನಡೆಯಿತು. ಒಂದು ಯಂತ್ರದಲ್ಲಿ ಆ ಚಿಕ್ಕ ಫೈಲನ್ನು ನ್ಯಾನೋ ಎಡಿಟರಿನಲ್ಲಿ ತೆರೆದು, ಕೆಳಗೆ ಒಂದು ಕಾಮೆಂಟ್ ಸಾಲು ಸೇರಿಸಿ ಸೇವ್ ಮಾಡಿದೆವು. ಮತ್ತೆ ಶುರು ಮಾಡಿದರೆ 0.8! ಖುಷಿಯಾಯಿತು. "ಪ್ಯಾಕೇಜ್ ಕಟ್ಟುವಾಗ ಆ ಫೈಲಿಗೆ ಏನೋ ಆಗಿದೆ" ಅಂದುಕೊಂಡೆವು. ಹೊಸದಾಗಿ ಪ್ಯಾಕೇಜ್ ಕಟ್ಟಿದೆವು. ಭಾನುವಾರ ನಾಲ್ಕೂ ಯಂತ್ರಗಳಿಗೆ ಹಾಕಿದೆವು.

ಸೋಮವಾರ ನಾಲ್ಕೂ 1.2 ಮುರಿದವು. ಶುಕ್ರವಾರ ಸರಿಹೋಗಿದ್ದ ಯಂತ್ರವೂ ಸೇರಿ.

ಮಧ್ಯಾಹ್ನ ಅಂಗಡಿಯವರಿಗೆ ಫೋನ್ ಮಾಡಿ ಯಂತ್ರದ ನಿವ್ವಳ ತೂಕ ನಂಬಬೇಡಿ, ಕೈಯಲ್ಲಿ ಬರೆಯಿರಿ ಅಂತ ಕೇಳಿಕೊಂಡೆವು. ಅಷ್ಟರಲ್ಲಿ ಆ ದಿನದ ತೂಕ ಮುಕ್ಕಾಲು ಮುಗಿದಿತ್ತು. ಮಂಗಳವಾರ ಬೆಳಿಗ್ಗೆ ನಾವಿಬ್ಬರು ಹುಬ್ಬಳ್ಳಿಯಿಂದ ಬ್ಯಾಡಗಿಗೆ ಹೊರಟೆವು.

ಸಿಕ್ಕಿದ್ದು ಎಲ್ಲಿ

ದಾರಿಯಲ್ಲಿ ಒಂದೇ ಪ್ರಶ್ನೆ ಹಿಡಿದು ಕೂತಿದ್ದೆವು. ಸರಿಯಿರುವ ಎರಡು ಯಂತ್ರಕ್ಕೂ ಕೆಟ್ಟ ನಾಲ್ಕಕ್ಕೂ ಏನು ವ್ಯತ್ಯಾಸ? ಮೊದಲು ಹೊಳೆದದ್ದು ಪೈಥಾನ್ ಆವೃತ್ತಿ. ಆ ಎರಡರ ಎಸ್‌ಡಿ ಕಾರ್ಡ್ ಹಾಳಾಗಿ ಹೊಸದು ಹಾಕಿದ್ದೆವು. ಅವುಗಳಲ್ಲಿ ಹೊಸ ಆಪರೇಟಿಂಗ್ ಸಿಸ್ಟಮ್, ಅಂದರೆ ಡೆಬಿಯನ್ 12ರ ಮೇಲೆ ಕಟ್ಟಿದ್ದು, ಪೈಥಾನ್ 3.11. ಉಳಿದ ನಾಲ್ಕು ಡೆಬಿಯನ್ 11, ಪೈಥಾನ್ 3.9. ಹಾಗಾದರೆ 3.9ರಲ್ಲೇ ಏನೋ ದೋಷವಿದೆಯಾ? ಹಾಗಿದ್ದರೆ ಶುಕ್ರವಾರ ನ್ಯಾನೋದಲ್ಲಿ ಮುಟ್ಟಿದಾಗ ಅದು ಸರಿಹೋಗಬಾರದಿತ್ತು.

ಆಗ ಜೊತೆಗಿದ್ದವರು ಕೇಳಿದರು, "ಆ ಎರಡಕ್ಕೆ ಕಾರ್ಡ್ ಹಾಕಿದ್ದು ಯಾವತ್ತು?" ಅದೇ ಮೊದಲ ಭಾನುವಾರ. ಅಂದರೆ ಆ ಕಾರ್ಡುಗಳು ಕಂಡ ಮೊದಲ ಪ್ಯಾಕೇಜೇ 0.8ರದ್ದು. ಅವುಗಳಲ್ಲಿ 1.2 ಯಾವತ್ತೂ ಇರಲೇ ಇಲ್ಲ. ಪೈಥಾನಿನ ಆವೃತ್ತಿಗೂ ಇದಕ್ಕೂ ಸಂಬಂಧವಿಲ್ಲ. ಹಳೇದು ಉಳಿದಿದೆಯೋ ಇಲ್ಲವೋ ಅನ್ನುವುದೇ ವ್ಯತ್ಯಾಸ. ನನ್ನ ಪ್ರಕಾರ ಇಡೀ ಹುಡುಕಾಟ ತಿರುಗಿದ್ದು ಈ ಒಂದು ಪ್ರಶ್ನೆಯಿಂದ.

ಅಂಗಡಿ ತಲುಪಿದ ಮೇಲೆ ಕೆಲಸ ಬೇಗ ಆಯಿತು. ಇಂಟರ್ಪ್ರಿಟರಿಗೆ ಚಿಕ್ಕ ಅಕ್ಷರದ ವಿ ಆಯ್ಕೆ ಕೊಟ್ಟು ನಡೆಸಿದೆವು. ಆಗ ಅದು ಯಾವ ಮಾಡ್ಯೂಲನ್ನು ಎಲ್ಲಿಂದ ತಂದೆ ಅಂತ ಒಂದೊಂದಾಗಿ ಹೇಳುತ್ತದೆ. ಚೀಲದ ತೂಕದ ಫೈಲಿನ ಸಾಲಿನಲ್ಲಿ, ಪೈಕ್ಯಾಶಿನಲ್ಲಿರುವ ಪಿವೈಸಿ ಈ ಸೋರ್ಸಿಗೆ ಹೊಂದುತ್ತದೆ ಅಂತ ಬಂತು. ಆ ಪಿವೈಸಿಯ ಮೊದಲ 16 ಬೈಟ್ ಬಿಟ್ಟು ಉಳಿದದ್ದನ್ನು ಮಾರ್ಷಲ್ ಮಾಡ್ಯೂಲಿನಿಂದ ಬಿಚ್ಚಿ, ಅದರ ಸ್ಥಿರಾಂಕಗಳನ್ನು ಮುದ್ರಿಸಿದೆವು. 1.2.

ಆ ಮೊದಲ 16 ಬೈಟ್‌ನಲ್ಲೇ ಕಾರಣ ಇತ್ತು. ಪೈಥಾನ್ 3.7ರಿಂದ ಈಚೆಗಿನ ಪಿವೈಸಿಯ ತಲೆಭಾಗ ಹೀಗಿರುತ್ತದೆ. ಮೊದಲ 4 ಬೈಟ್ ಮ್ಯಾಜಿಕ್ ಸಂಖ್ಯೆ, ಇದು ಯಾವ ಪೈಥಾನಿನ ಬೈಟ್‌ಕೋಡ್ ಅಂತ ಹೇಳುವುದಕ್ಕೆ. 3.9ಕ್ಕೆ ಅದು 3425, 3.11ಕ್ಕೆ 3495. ಮುಂದಿನ 4 ಬೈಟ್ ಗುರುತುಗಳು. ಆಮೇಲಿನ 4 ಬೈಟ್ ಸೋರ್ಸ್ ಫೈಲು ಕೊನೆಗೆ ಬದಲಾದ ಸಮಯ. ಕೊನೆಯ 4 ಬೈಟ್ ಸೋರ್ಸ್ ಫೈಲಿನ ಗಾತ್ರ. ಇಂಪೋರ್ಟ್ ಮಾಡುವಾಗ ಪೈಥಾನ್ ಸೋರ್ಸಿನ ಒಳಗೆ ಇಣುಕುವುದಿಲ್ಲ. ಸಮಯ ಮತ್ತು ಗಾತ್ರ ಎರಡೂ ಹೊಂದಿದರೆ ಪಿವೈಸಿ ಇನ್ನೂ ತಾಜಾ ಇದೆ ಅಂತ ಒಪ್ಪಿಕೊಳ್ಳುತ್ತದೆ.

1.2 ತೆಗೆದು 0.8 ಬರೆದರೆ ಗಾತ್ರ ಬದಲಾಗುತ್ತದಾ? ಇಲ್ಲ. ಎರಡೂ ಮೂರೇ ಅಕ್ಷರ.

ಸಮಯ? ಅದು ಬದಲಾಗಲೇಬೇಕಿತ್ತು. ಆದರೆ ನಮ್ಮ ಪ್ಯಾಕೇಜ್ ಕಟ್ಟುವ ಸ್ಕ್ರಿಪ್ಟ್, ಫೈಲುಗಳನ್ನು ಒಂದೇ ಕಟ್ಟಾಗಿ ಸೇರಿಸುವ ಟಾರ್ ಸಾಧನಕ್ಕೆ ಎಂಟೈಮ್ ಆಯ್ಕೆ ಕೊಟ್ಟು, ಎಲ್ಲ ಫೈಲುಗಳಿಗೂ 2020ರ ಜನವರಿ 1 ಅಂತ ಒಂದೇ ದಿನಾಂಕ ಹಾಕುತ್ತಿತ್ತು. ಅದಕ್ಕೂ ಒಳ್ಳೆಯ ಕಾರಣವಿತ್ತು. ಒಳಗಿನದು ಬದಲಾಗದಿದ್ದರೆ ಪ್ಯಾಕೇಜಿನ ಚೆಕ್‌ಸಮ್ ಕೂಡ ಬದಲಾಗಬಾರದು, ಆಗ ಎರಡು ಯಂತ್ರಗಳಲ್ಲಿ ಒಂದೇ ಇದೆಯಾ ಅಂತ ನೋಡುವುದು ಸುಲಭ. ಬಿಚ್ಚುವಾಗ ಟಾರ್ ಆ ದಿನಾಂಕವನ್ನು ಹಾಗೇ ಉಳಿಸುತ್ತದೆ. ಪಿವೈಸಿಯ ತಲೆಭಾಗದಲ್ಲಿ 1577836800 ಅಂತ ಇತ್ತು. ಅದು 1970ರಿಂದ ಎಣಿಸಿದ ಸೆಕೆಂಡುಗಳಲ್ಲಿ ಆ ಜನವರಿ 1ರ ಹೊತ್ತು. ಸೋರ್ಸಿನ ಸಮಯವೂ ಅದೇ.

ಶುಕ್ರವಾರದ ವಿಚಿತ್ರವೂ ಬಿಡಿಸಿಕೊಂಡಿತು. ನ್ಯಾನೋದಲ್ಲಿ ಸೇವ್ ಮಾಡಿದಾಗ ಸಮಯವೂ ಬದಲಾಯಿತು, ಗಾತ್ರವೂ ಬದಲಾಯಿತು. ಪೈಥಾನ್ ಪಿವೈಸಿಯನ್ನು ಬದಿಗಿಟ್ಟು ಸೋರ್ಸನ್ನೇ ಓದಿತು. ಆದರೆ ಫೋಲ್ಡರಿಗೆ ಬರೆಯುವ ಅನುಮತಿ ಇರಲಿಲ್ಲವಲ್ಲ, ಹಾಗಾಗಿ ಹೊಸ ಬೈಟ್‌ಕೋಡ್ ಮೆಮೊರಿಯಲ್ಲೇ ಉಳಿಯಿತು. ಹಳೇ ಪಿವೈಸಿ ಅಲ್ಲೇ ಕಾಯುತ್ತಿತ್ತು. ಭಾನುವಾರ ಮತ್ತೆ ಪ್ಯಾಕೇಜ್ ಬಿಚ್ಚಿದಾಗ ಹಳೇ ದಿನಾಂಕ, ಹಳೇ ಗಾತ್ರ ವಾಪಸ್ ಬಂದವು. ಪಿವೈಸಿ ಮತ್ತೆ ಹೊಂದಿಕೊಂಡಿತು.

ಆದರೆ ಅಪ್‌ಡೇಟ್ ಆದ ಮೇಲೆ ಕಂಪೈಲ್‌ಆಲ್ ನಡೆಸಿದ್ದೆವಲ್ಲ? ಅದು ಯಾಕೆ ಹೊಸದಾಗಿ ಇಳಿಸಲಿಲ್ಲ? ಇದು ನನಗೂ ಹೊಸ ವಿಷಯ. ಕೆಲಸ ಉಳಿಸಲು ಕಂಪೈಲ್‌ಆಲ್ ಮೊದಲು ಹಳೇ ಪಿವೈಸಿಯ ತಲೆಭಾಗ ನೋಡುತ್ತದೆ, ಹೊಂದಿದರೆ ಆ ಫೈಲನ್ನು ಬಿಟ್ಟು ಮುಂದೆ ಹೋಗುತ್ತದೆ. ಅದು ನೋಡುವುದು ಮೊದಲ 12 ಬೈಟ್ ಮಾತ್ರ. ಮ್ಯಾಜಿಕ್, ಗುರುತು, ಸಮಯ. ಗಾತ್ರವನ್ನು ನೋಡುವುದೇ ಇಲ್ಲ.

ಇದು ತಿಳಿದ ಮೇಲೆ ಪೈಕ್ಯಾಶ್ ಫೋಲ್ಡರನ್ನು ಇನ್ನೊಮ್ಮೆ ನೋಡಿದೆವು. ಪಿವೈಸಿಗಳು ಹುಟ್ಟಿದ ದಿನ, ಆಮೇಲೆ ಸೇರಿಸಿದ ಒಂದೆರಡು ಫೈಲು ಬಿಟ್ಟರೆ, ಎಲ್ಲವೂ ಒಂದೂವರೆ ವರ್ಷದ ಹಿಂದಿನ ಮೊದಲ ಇನ್‌ಸ್ಟಾಲ್ ದಿನ! ಅಷ್ಟು ಕಾಲದಿಂದ ಪ್ರತಿ ಅಪ್‌ಡೇಟಿನಲ್ಲೂ ಕಂಪೈಲ್‌ಆಲ್ ನಡೆಸಿದ್ದೆವು, ಅದು ಪ್ರತಿ ಸಲ ಏನೂ ಮಾಡದೆ ಮುಗಿಸಿತ್ತು. ಉಳಿದ ಫೈಲುಗಳು ಬದಲಾದಾಗ ಅವುಗಳ ಗಾತ್ರವೂ ಬದಲಾಗಿತ್ತು. ಹಾಗಾಗಿ ಇಂಪೋರ್ಟ್ ಹೊತ್ತಿನಲ್ಲಿ ಪೈಥಾನ್ ವ್ಯತ್ಯಾಸ ಹಿಡಿದು, ಮೆಮೊರಿಯಲ್ಲಿ ಹೊಸದಾಗಿ ಇಳಿಸಿ ನಡೆಸುತ್ತಿತ್ತು. ಲೆಕ್ಕ ಸರಿ ಬರುತ್ತಿತ್ತು. ಶುರುವಾಗುವುದು ಮಾತ್ರ ತಡ. "ಈಗೀಗ ಮಷಿನ್ ಏಳಾಕ ಹೊತ್ತು ಹಿಡಿತೈತ್ರಿ" ಅಂತ ಹಮಾಲರೊಬ್ಬರು ಹಿಂದಿನ ಹಂಗಾಮಿನಲ್ಲೇ ಹೇಳಿದ್ದರಂತೆ. ನಾವು ಕಾರ್ಡ್ ಹಳೆಯದಾಯಿತು ಅಂದುಕೊಂಡಿದ್ದೆವು. ಅವರು ಹೇಳಿದ್ದನ್ನು ಆಗಲೇ ಹಿಡಿದು ಹೋಗಿದ್ದರೆ ಇದು ಒಬ್ಬ ರೈತರಿಗೂ ತಟ್ಟುವ ಮೊದಲೇ ಸಿಗುತ್ತಿತ್ತು.

ಹುಬ್ಬಳ್ಳಿಯಲ್ಲಿ ಪರೀಕ್ಷೆ ಮಾಡುವಾಗ ಇದು ಕಾಣಲಿಲ್ಲ ಯಾಕೆ ಅಂತ ಕೇಳಬಹುದು. ನಮ್ಮ ಲ್ಯಾಪ್‌ಟಾಪಿನಲ್ಲಿ ಫೈಲು ತಿದ್ದಿದ ಕೂಡಲೇ ಸಮಯ ಬದಲಾಗುತ್ತದೆ. ಪ್ಯಾಕೇಜಿನ ದಾರಿಯೇ ಅಲ್ಲಿಲ್ಲ. ಬೇರೆ ದಾರಿಯಲ್ಲಿ ಹೋಗುವ ಕೋಡನ್ನು ಪರೀಕ್ಷೆ ಮಾಡಿ, ಈ ದಾರಿಯ ಕೋಡಿಗೆ ಸರ್ಟಿಫಿಕೇಟ್ ಕೊಟ್ಟಿದ್ದೆವು.

ಸರಿಪಡಿಸುವಾಗ ಬಂದ ಮಾತುಗಳು

ಆ ಮಂಗಳವಾರ ತುರ್ತಾಗಿ ಮಾಡಿದ್ದು ಚಿಕ್ಕ ಕೆಲಸ. ನಾಲ್ಕೂ ಯಂತ್ರಗಳ ಪೈಕ್ಯಾಶ್ ಫೋಲ್ಡರ್ ಅಳಿಸಿ, ಕಂಪೈಲ್‌ಆಲ್‌ಗೆ ಎಫ್ ಆಯ್ಕೆ ಕೊಟ್ಟು ಮತ್ತೆ ನಡೆಸಿದೆವು. ಆ ಆಯ್ಕೆ ಇದ್ದರೆ ತಲೆಭಾಗ ಹೊಂದಿದರೂ ಬಿಡದೆ ಎಲ್ಲವನ್ನೂ ಹೊಸದಾಗಿ ಇಳಿಸುತ್ತದೆ. ಖಾಲಿ ಚೀಲ, ತುಂಬಿದ ಚೀಲ ಎರಡನ್ನೂ ಇಟ್ಟು ಚೀಟಿ ತೆಗೆದು ನೋಡಿದೆವು. 0.8.

ಕಾಯಂ ಪರಿಹಾರದ ಬಗ್ಗೆ ವಾದ ಜೋರಾಗಿ ನಡೆಯಿತು. ಒಬ್ಬರು, ಸೋರ್ಸ್ ಕಳಿಸುವುದೇ ಬೇಡ, ಬೈಟ್‌ಕೋಡ್ ಮಾತ್ರ ಕಳಿಸೋಣ ಅಂದರು. ಎರಡು ಇದ್ದರೆ ತಾನೇ ಹೊಂದಾಣಿಕೆಯ ತಕರಾರು? ಕಂಪೈಲ್‌ಆಲ್‌ಗೆ ಚಿಕ್ಕ ಬಿ ಆಯ್ಕೆ ಕೊಟ್ಟರೆ ಪಿವೈಸಿಗಳು ಸೋರ್ಸಿನ ಪಕ್ಕದಲ್ಲೇ ಹಳೇ ಪದ್ಧತಿಯಂತೆ ಕೂರುತ್ತವೆ. ಸೋರ್ಸ್ ಇಲ್ಲದೆ ನಡೆಯಬೇಕಾದರೆ ಹಾಗೇ ಇರಬೇಕು. ಪೈಕ್ಯಾಶಿನಲ್ಲಿ ಒಂಟಿಯಾಗಿ ಉಳಿದ ಪಿವೈಸಿಯನ್ನು ಪೈಥಾನ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗೆ ಮಾಡಿ, 3.9ರಲ್ಲಿ ಇಳಿಸಿದ್ದನ್ನು ಒಂದು 3.11 ಯಂತ್ರಕ್ಕೆ ಹಾಕಿ ನೋಡಿದೆವು. ಮ್ಯಾಜಿಕ್ ಸಂಖ್ಯೆ ಸರಿಯಿಲ್ಲ ಅಂತ ಎರರ್ ಕೊಟ್ಟು ನಿಂತಿತು. ಪೈಥಾನಿನ ಬೈಟ್‌ಕೋಡ್ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಹೊಂದುತ್ತದೆ ಅನ್ನುವ ಭರವಸೆ ಇಲ್ಲ. ಜಾವಾದ ಹಳೇ ಕ್ಲಾಸ್ ಫೈಲು ಹೊಸ ಜಾವಾದಲ್ಲೂ ಸಾಮಾನ್ಯವಾಗಿ ನಡೆಯುತ್ತದೆ, ಆ ಅಭ್ಯಾಸ ಇಟ್ಟುಕೊಂಡು ಪೈಥಾನಿಗೆ ಬಂದರೆ ಎಡವುತ್ತೇವೆ. ಇದಕ್ಕಿಂತ ನನಗೆ ಮುಖ್ಯ ಅನ್ನಿಸಿದ ಮಾತು ಬೇರೆ. ರೈತರ ದುಡ್ಡಿನ ಲೆಕ್ಕ ಮಾಡುವ ಪ್ರೋಗ್ರಾಮನ್ನು, ಕೇಳಿದವರಿಗೆ ತೆರೆದು ತೋರಿಸಲು ಬರುವಂತೆ ಇಡಬೇಕು. ಆ ಸಲಹೆಯನ್ನು ಬಿಟ್ಟೆವು.

ಇನ್ನೊಬ್ಬರು ಹ್ಯಾಶ್ (ಚೆಕ್‌ಸಮ್‌ನಂಥದ್ದೇ ಗುರುತಿನ ಸಂಖ್ಯೆ) ಆಧಾರದ ಪಿವೈಸಿ ಬಗ್ಗೆ ಹೇಳಿದರು. ಇದು 2018ರಲ್ಲಿ ಪೈಥಾನ್ 3.7ರ ಜೊತೆ ಬಂದದ್ದು. ತಲೆಭಾಗದ ಕೊನೆಯ 8 ಬೈಟ್‌ನಲ್ಲಿ ಸಮಯ, ಗಾತ್ರದ ಬದಲು ಸೋರ್ಸಿನ ಹ್ಯಾಶ್ ಇರುತ್ತದೆ. ಎಲ್ಲ ಫೈಲಿಗೂ ಒಂದೇ ದಿನಾಂಕ ಹಾಕುವ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಇದರಲ್ಲಿ ಎರಡು ಬಗೆ. ಚೆಕ್ಡ್ ಆದರೆ, ಇಂಪೋರ್ಟ್ ಮಾಡುವಾಗ ಸೋರ್ಸ್ ಓದಿ ಹ್ಯಾಶ್ ಲೆಕ್ಕ ಹಾಕಿ ಹೋಲಿಸುತ್ತದೆ. ಅನ್‌ಚೆಕ್ಡ್ ಆದರೆ ಹೋಲಿಸುವುದೇ ಇಲ್ಲ, ಪಿವೈಸಿ ಹೇಳಿದ್ದೇ ಸರಿ. ಅನ್‌ಚೆಕ್ಡ್ ಬೇಗ ಶುರುವಾಗುತ್ತದೆ ಅಂತ ಒಬ್ಬರ ಒಲವು ಆ ಕಡೆ ಇತ್ತು. ದೊಡ್ಡ ಬಿಲ್ಡ್ ವ್ಯವಸ್ಥೆ ಇದ್ದು, ಪಿವೈಸಿ ಸರಿಯಿದೆ ಅಂತ ಹೊರಗಿನಿಂದಲೇ ಖಾತ್ರಿ ಮಾಡುವವರಿಗೆ ಅದು ಸರಿ. ನಮಗೆ ಈಗಷ್ಟೇ ಆದ ತೊಂದರೆಯನ್ನು ನಾವೇ ಕಾಯಂ ಮಾಡಿಕೊಂಡ ಹಾಗೆ. ಚೆಕ್ಡ್ ಆಯ್ಕೆ ಮಾಡಿದೆವು. ಸೋರ್ಸ್ ಓದುವ ಖರ್ಚಿದೆ, ನಿಜ. ಆದರೆ ಓದಿ ಹ್ಯಾಶ್ ಹಾಕುವುದಕ್ಕಿಂತ ಹೊಸದಾಗಿ ಇಳಿಸುವ ಕೆಲಸ ಜಾಸ್ತಿ. ಎಷ್ಟೋ ಕಾಲದಿಂದ ಆಗುತ್ತಿದ್ದದ್ದು ಅದೇ, ಹಾಗಾಗಿ ಯಂತ್ರಗಳು ಮೊದಲಿಗಿಂತ ಬೇಗ ಏಳತೊಡಗಿದವು.

ಅಪ್‌ಡೇಟ್ ಹಾಕುವ ರೀತಿಯನ್ನೂ ಬದಲಿಸಿದೆವು. ಈಗ ಹಳೇ ಫೋಲ್ಡರಿನ ಮೇಲೆ ಬಿಚ್ಚುವುದಿಲ್ಲ. ಪ್ರತಿ ಸಲ ಹೊಸ ಫೋಲ್ಡರ್. ಅದರಲ್ಲೇ ಬೈಟ್‌ಕೋಡ್ ಇಳಿಸಿ, ಕೊನೆಗೆ ಯಾವ ಫೋಲ್ಡರ್ ನಡೆಸಬೇಕು ಅಂತ ತೋರಿಸುವ ಲಿಂಕನ್ನು ಮಾತ್ರ ಅದರ ಕಡೆ ತಿರುಗಿಸುತ್ತೇವೆ. ಹೊಸ ಮನೆಗೆ ಹೋಗುವಾಗ ಹಳೇ ಮನೆಯ ಕಸ ಜೊತೆಗೆ ಬರುವುದಿಲ್ಲ. ಹುಬ್ಬಳ್ಳಿಯಲ್ಲಿ ಒಂದು ಪೈ ಮೀಸಲಿಟ್ಟಿದ್ದೇವೆ. ಅದಕ್ಕೆ ಮೊದಲು ಹಿಂದಿನ ಪ್ಯಾಕೇಜ್, ಅದರ ಮೇಲೆ ಹೊಸದು ಹಾಕಿ, ಯಂತ್ರ ನಡೆಸುವ ಅದೇ ಬಳಕೆದಾರನ ಹೆಸರಿನಲ್ಲಿ ಮಾಡ್ಯೂಲ್ ಇಂಪೋರ್ಟ್ ಮಾಡಿ ಚೀಲದ ತೂಕದ ಅಂಕಿಯನ್ನು ಮುದ್ರಿಸುತ್ತೇವೆ. ಆಮೇಲೆ ಚೀಟಿ ತೆಗೆದು ನೋಡುತ್ತೇವೆ. ಫೈಲು ತೆರೆದು ನೋಡುವುದನ್ನು ಪರೀಕ್ಷೆ ಅಂತ ಲೆಕ್ಕ ಹಿಡಿಯುವುದನ್ನು ನಿಲ್ಲಿಸಿದ್ದೇವೆ.

ಚೀಟಿಯಲ್ಲೂ ಒಂದು ಸಾಲು ಸೇರಿಸಿದೆವು. ಒಟ್ಟು, ನಿವ್ವಳ ಇವುಗಳ ನಡುವೆ "ಚೀಲ 0.8 ಕಿಲೋ" ಅಂತ. ನಡೆಯುತ್ತಿರುವ ಪ್ರೋಗ್ರಾಮ್ ನಿಜಕ್ಕೂ ಎಷ್ಟು ಕಳೆಯಿತೋ ಅದನ್ನೇ ಅಲ್ಲಿ ಮುದ್ರಿಸುತ್ತದೆ. ಇದನ್ನು ಕೇಳಿದ್ದು ಗುಮಾಸ್ತರು. ನಾವು ಮಾಡಿದ ಎಲ್ಲ ಬದಲಾವಣೆಗಳಲ್ಲಿ ನನಗೆ ಇದರ ಮೇಲೆಯೇ ಜಾಸ್ತಿ ನಂಬಿಕೆ. ಮುಂದೆ ಬೇರೆ ಯಾವ ಕಾರಣಕ್ಕೆ ತಪ್ಪಾದರೂ, ಅದು ಮೊದಲು ಕಾಣುವುದು ದುಡ್ಡು ಕಳೆದುಕೊಳ್ಳುವವರ ಕಣ್ಣಿಗೆ.

ದುಡ್ಡಿನ ಲೆಕ್ಕ

ಅದೃಷ್ಟಕ್ಕೆ ಲಾಗ್‌ನಲ್ಲಿ ಒಟ್ಟು ತೂಕ ಮತ್ತು ನಿವ್ವಳ ತೂಕ ಬೇರೆ ಬೇರೆ ಇದ್ದವು. ನಾಲ್ಕು ಯಂತ್ರ, ಮೂರು ಟೆಂಡರ್ ದಿನ, ತಪ್ಪಾಗಿ ಮುರಿದ ಚೀಲಗಳು 2,140. ಚೀಲಕ್ಕೆ 0.4 ಕಿಲೋ ಹಿಡಿದರೆ 856 ಕಿಲೋ ಮೆಣಸಿನಕಾಯಿ. ಒಬ್ಬೊಬ್ಬರ ಲಾಟಿಗೂ ಆವತ್ತು ಬಿದ್ದ ದರ ಬೇರೆ. ಹಾಗಾಗಿ ಸರಾಸರಿ ಹಿಡಿಯದೆ ಪ್ರತಿ ಚೀಟಿಯನ್ನೂ ಅದರದೇ ದರದಲ್ಲಿ ಮತ್ತೆ ಲೆಕ್ಕ ಹಾಕಿದೆವು.

ಅಂಗಡಿಯವರಿಗೆ ನಡೆದದ್ದನ್ನು ಪೂರ್ತಿ ಹೇಳಿದೆವು, ತಪ್ಪು ನಮ್ಮದು ಅಂತಲೂ ಹೇಳಿದೆವು. "ಯಾರೂ ಕೇಳಿಲ್ಲಲ್ರಿ, ಮುಂದಿನದು ಸರಿ ಮಾಡ್ರಿ ಸಾಕು" ಅಂದವರೂ ಇದ್ದರು. ಆದರೆ ಅವರಲ್ಲೇ ಹಿರಿಯರಾದ ಒಬ್ಬ ಮಾಲೀಕರು ಒಪ್ಪಲಿಲ್ಲ. "ಅವ್ರು ಮುಂದಿನ್ ಸಲಾನೂ ನಮ್ಮ ಅಂಗಡಿಗೇ ಬರಬೇಕಲ್ರಿ" ಅಂದರು. ಪಟ್ಟಿಗಳಲ್ಲಿ ಫೋನ್ ನಂಬರ್ ಇದ್ದವು. ಹೆಚ್ಚುವರಿ ತೂಕ ಖರೀದಿದಾರರ ಲೆಕ್ಕಕ್ಕೆ ಹೋಗಿತ್ತು. ಅವರಿಂದ ವಾಪಸ್ ಬರುವಷ್ಟನ್ನು ಅಂಗಡಿಗಳು ವಸೂಲಿ ಮಾಡಿದವು, ಉಳಿದದ್ದನ್ನು ನಮ್ಮ ತಂಡ ತುಂಬಿತು. ಊರೂರಿಗೆ ಫೋನ್ ಮಾಡಿ ವಿಷಯ ಹೇಳಲು ಎರಡು ವಾರ ಹಿಡಿಯಿತು. ಮೊದಲ ಸೋಮವಾರ ಚೀಟಿ ಹಿಡಿದು ನಿಂತಿದ್ದ ಆ ಹಿರಿಯರಿಗೆ ನಾನೇ ಫೋನ್ ಮಾಡಿದೆ. ಮಷಿನ್ ತಪ್ಪು ಮಾಡಿತ್ತು, ನೀವು ಸರಿ ಇದ್ದಿರಿ ಅಂದೆ. "ನನಗ ಗೊತ್ತಿತ್ತಲ್ಲಪಾ" ಅಂದರು.

ಒಬ್ಬರ ಫೋನ್ ಮಾತ್ರ ಇನ್ನೂ ಹತ್ತಿಲ್ಲ. ಬಳ್ಳಾರಿ ಕಡೆಯವರು, 14 ಚೀಲ ತಂದಿದ್ದರು. ಅವರ 5.6 ಕಿಲೋದ ದುಡ್ಡು ಲಕೋಟೆಯಲ್ಲಿ ಹಾಕಿ, ಮೇಲೆ ಚೀಟಿಯ ನಂಬರ್ ಬರೆದು ಗುಮಾಸ್ತರ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ.